ಹೆಸರಿಲ್ಲದ ಹೇಳಿಕಿ

ದೇವದುರ್ಗದಲ್ಲಿರುವ ನಮ್ಮ ಅಕ್ಕನನ್ನು ಊಟಕ್ಕೆ ಕರೆಯುವುದಕ್ಕಿಂತ ಮಂತ್ರಿಗಳನ್ನು ಕರೆಯುವುದು ಸುಲಭ. ಮಂತ್ರಿಗಳಿಗೆ ಒಂದು ಕಾರ್ಡು ಕೊಟ್ಟರೆ ಸಾಕು. ಅಕ್ಕನಿಗೆ ಕಾರ್ಡು ನಡೆಯುವುದಿಲ್ಲ. ಮನೆಗೆ ಬಂದು, ಹೊಸ್ತಿಲು ದಾಟಿ, ಅವಳ ಪೂರ್ತಿ ಹೆಸರು ಹಿಡಿದು ಬಾಯಿಬಿಟ್ಟು ಕರೆಯಬೇಕು. ನಮ್ಮ ಕಡೆ ಇದಕ್ಕೆ ಹೇಳಿಕಿ ಎನ್ನುತ್ತಾರೆ. ಈಗ ಎಲ್ಲರೂ ವಾಟ್ಸಾಪಿನಲ್ಲಿ ಹೇಳಿಕಿ ಮುಗಿಸುತ್ತಾರೆ. ಅಕ್ಕ ಒಪ್ಪಬೇಕಲ್ಲ? ಚಿಕ್ಕಪ್ಪನ ಮೊಮ್ಮಗಳ ಮದುವೆಗೆ "ಸಹಕುಟುಂಬ ಸಪರಿವಾರ" ಎಂದು ಕಾರ್ಡು ಬಂದಾಗ, ಬಸ್ ಹತ್ತಿ ಮಾನ್ವಿಯವರೆಗೂ ಹೋಗಿ, "ಸಪರಿವಾರ ಅನ್ನಾಕಿ ನಮ್ಮ ಮನ್ಯಾಗ ಯಾರೂ ಇಲ್ಲ" ಎಂದು ಕಾರ್ಡು ವಾಪಸು ಕೊಟ್ಟು ಬಂದವಳು. ನೀರೂ ಕುಡಿಯಲಿಲ್ಲವಂತೆ!

ಇಂಥವಳಿಗೆ ಇಮೇಲ್ ಮಾಡಿಕೊಟ್ಟವನು ನಾನು. ಅಕ್ಕನ ಖಡಕ್ ಜೋಳದ ರೊಟ್ಟಿಗೆ ದೂರದೂರದ ಗಿರಾಕಿಗಳಾಗಿ, ದುಡ್ಡು ಆನ್‌ಲೈನಿನಲ್ಲಿ ಬರತೊಡಗಿತ್ತು. ನಾನು ಓದಿದ್ದು ಹೈಸ್ಕೂಲು ಮಾತ್ರ. ಆದರೂ ರಾಯಚೂರಿನಲ್ಲಿರುತ್ತೇನಲ್ಲ, ಆ ಗತ್ತಿನಲ್ಲಿ ದುಡ್ಡು ಪಾವತಿಯ ಕಂಪನಿಯೊಂದರಲ್ಲೂ ಅವಳ ಹೆಸರಿನ ಖಾತೆ ತೆರೆದು, ಪಾಸ್‌ವರ್ಡ್ ಇಟ್ಟು, ಮೇಲ್ ಇಬ್ಬರ ಫೋನಿಗೂ ಬರುವಂತೆ ಮಾಡಿದೆ.

ಹದಿನೈದು ದಿನಕ್ಕೇ ಮೊದಲ ಮೋಸದ ಮೇಲ್ ಬಂತು. ನಮ್ಮ ದುಡ್ಡು ಬರುವ ಕಂಪನಿಯದೇ ಚಿಹ್ನೆ, ಅದೇ ಬಣ್ಣ. "ಪ್ರಿಯ ಗ್ರಾಹಕರೇ, ಒಂದು ಗಂಟೆಯೊಳಗೆ ಈ ಲಿಂಕ್ ಒತ್ತಿ ವಿವರ ಕೊಡದಿದ್ದರೆ ನಿಮ್ಮ ಖಾತೆ ಬಂದ್ ಆಗುತ್ತದೆ." ಅಕ್ಕ ಫೋನ್ ಮಾಡಿದಳು.

"ತಮ್ಮಾ, ಈ ಕಂಪನಿಗೆ ನನ್ನ ಹೆಸರು ಕೊಟ್ಟೀಯಿಲ್ಲೋ?"

"ಕೊಟ್ಟೀನಿ."

"ಮತ್ತ ಗ್ರಾಹಕರೇ ಅಂತಾರಲ್ಲ. ಯಾರ ಪೈಕಿ ಇವರು? ಮ್ಯಾಲಿನ ಹೆಸರು ಒತ್ತಿದ್ರ ಒಳಗ ಬ್ಯಾರೇನ ವಿಳಾಸ ಅದ."

"ಅರ್ಜೆಂಟ್ ಇರಬೇಕು ಬೇ."

"ತಾಸಿನ್ಯಾಗ ಬರ್ರಿ ಅಂದ್ರ ಅದು ಮದುವಿ ಹೇಳಿಕಿ ಅಲ್ಲೋ, ಸಾವಿನ ಸುದ್ದಿ."

ಅಷ್ಟಕ್ಕೇ ಬಿಡುವವಳೇ? ಒಬ್ಬರ ಹೆಸರಿನಲ್ಲಿ ಇನ್ನಾರೋ ಹೇಳಿಕಿ ಹೇಳಿ ಹೋದರೆ ಆ ಮನೆಯವರಿಗೆ ತಿಳಿಸಬೇಡವೇ? ಕಂಪನಿಯ ಆ್ಯಪಿನೊಳಗೆ ಹುಡುಕಿ, ಇಂಥ ಮೇಲ್‌ಗಳನ್ನು ಕಳಿಸಬೇಕಾದ ವಿಳಾಸ ಪತ್ತೆ ಹಚ್ಚಿ, ಬಂದದ್ದನ್ನು ಹಾಗೆಯೇ ಮುಂದಕ್ಕೆ ಕಳಿಸಿದಳು. ಜೊತೆಗೆ ತನ್ನದೊಂದು ಒಕ್ಕಣೆ: "ನಿಮ್ಮ ಹೆಸರಿನ್ಯಾಗ ಯಾರೋ ಸುಳ್ಳು ಹೇಳಿಕಿ ಹೇಳಾಕತ್ತಾರ, ನೋಡಿಕೊಳ್ರಿ. ಮನಿ ಕಡಿ ಎಲ್ಲಾರೂ ಆರಾಮೇನ್ರಿ?" ಕ್ಷಣದಲ್ಲೇ ಅವಳ ಹೆಸರು ಹಾಕಿ ಧನ್ಯವಾದದ ಉತ್ತರ ಬಂತು. ಅದನ್ನು ಯಂತ್ರ ಬರೆಯುತ್ತದೆಂದು ನಾನೆಷ್ಟು ಹೇಳಿದರೂ ಕೇಳಲಿಲ್ಲ. "ಹೆಸರು ಹಿಡಿದು ಬರದಾರ ನೋಡು. ಮನಿತನಸ್ಥರು."

ಅಂದಿನಿಂದ ಓಣಿಯ ಹೆಂಗಸರ ಫೋನಿಗೆ ಬಂದ ಮೋಸದ ಮೇಲ್‌ಗಳೂ ಅಕ್ಕನ ಕೈಯಿಂದಲೇ ವರದಿಯಾಗತೊಡಗಿದವು. ನಾನು ರಾಯಚೂರಿನ ಗೆಳೆಯರಿಗೆ ಇದನ್ನೆಲ್ಲ ಹೇಳಿ ನಗಿಸುತ್ತಿದ್ದೆ.

ಇನ್ನು ನನ್ನ ಪಾಪಕ್ಕೆ ಬರುತ್ತೇನೆ. ಒಂದು ಮಧ್ಯಾಹ್ನ ಅಂಥದೇ ಮೇಲ್ ಮತ್ತೆ ಬಂತು. ಅದೇ ಗ್ರಾಹಕರೇ, ಅದೇ ಒಂದು ಗಂಟೆ. ಪ್ರತಿ ಸಲವೂ ಅಕ್ಕನನ್ನು ಕೇಳಬೇಕೇ, ಖಾತೆ ತೆರೆದವನು ನಾನಲ್ಲವೇ ಎಂದುಕೊಂಡು ಲಿಂಕ್ ಒತ್ತಿದೆ. ಪಾಸ್‌ವರ್ಡೂ ಕೊಟ್ಟೆ, ಮೇಲ್‌ಗೆ ಬಂದ ಒಟಿಪಿಯೂ ಕೊಟ್ಟೆ. ಖಾತೆಗೂ ಮೇಲ್‌ಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ದ ಜಾಣನೂ ನಾನೇ. ಸಂಜೆಯೊಳಗೆ ರೊಟ್ಟಿಯ ಗಿರಾಕಿಗಳಿಗೆಲ್ಲ ಅಕ್ಕನ ಹೆಸರಿನಲ್ಲೇ "ಮುಂಗಡ ಕಳಿಸಿ" ಎಂದು ಮೇಲ್ ಹೋಗಿತ್ತು. ಪೋತ್ನಾಳದ ಗಿರಾಕಿಯೊಬ್ಬರು ಅನುಮಾನಪಟ್ಟು ಫೋನ್ ಮಾಡಿದ್ದರಿಂದ ಖಾತೆಯನ್ನು ಬೇಗ ತಡೆಹಿಡಿಸಿದೆವು. ಯಾರ ದುಡ್ಡೂ ಹೋಗಲಿಲ್ಲ.

ಅಕ್ಕನ ಮಗ ಫೋನಿನಲ್ಲಿ ಕೇಳಿದ: "ಮಾವಾ, ಇದನ್ನ ಯಾರು ಒತ್ತಿರಬೇಕು?"

ನನ್ನ ಬಾಯಿಂದ ಬಂದದ್ದು ಇಷ್ಟು: "ಅಕ್ಕಗ ವಯಸ್ಸಾತಪ್ಪಾ. ಒತ್ತಿ ಮರತಿರಬೇಕು."

ಫೋನ್ ಸ್ಪೀಕರಿನಲ್ಲಿತ್ತು, ಅಕ್ಕ ಪಕ್ಕದಲ್ಲೇ ಕೂತಿದ್ದಳು ಎಂಬುದು ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಅವಳ ಸೊಸೆ ಫೋನ್ ಮಾಡಿದಾಗ. "ಮಾವಾರ, ಅವತ್ತು ನೀವು ಹಂಗಂದದ್ದು ಕೇಳಿದಾಗಿಂದ ಅತ್ತಿ ಫೋನ್ ಮುಟ್ಟವಲ್ರು. ಅಡಗಿಮನಿ ಡಬ್ಬಿ ಮ್ಯಾಲೆಲ್ಲ ಉಪ್ಪು, ಸಕ್ಕರಿ ಅಂತ ಚೀಟಿ ಬರದು ಅಂಟಿಸ್ಯಾರ. ಒಮ್ಮೆ ಬಂದು ಹೋಗ್ರಿ."

ನಮ್ಮ ಅವ್ವ ಕೊನೆಯ ಎರಡು ವರ್ಷ ಮಕ್ಕಳ ಹೆಸರನ್ನೂ ಮರೆತಿದ್ದಳು. ಉಣಿಸಲು ಕೂತ ಅಕ್ಕನನ್ನೇ "ಯಾರವ್ವಾ ನೀನು?" ಎನ್ನುತ್ತಿದ್ದಳು. ಅಕ್ಕ ಪ್ರತಿ ತುತ್ತಿಗೂ ತನ್ನ ಪೂರ್ತಿ ಹೆಸರು ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ದೇವದುರ್ಗದ ಬಸ್ ಹತ್ತಿದೆ. ಅಕ್ಕ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅಕ್ಕಾ, ಅವತ್ತು ಲಿಂಕ್ ಒತ್ತಿದಾಂವ ನಾನು."

ಮೊರದ ಮೇಲೆ ಅವಳ ಕೈ ನಿಂತಿತು. "ನಾ ಒತ್ತಿಲ್ಲಾ?"

"ಇಲ್ಲ."

"ಒತ್ತಿ ಮರತಿಲ್ಲಾ?"

"ಇಲ್ಲಕ್ಕಾ. ನಾ ಸುಳ್ಳು ಹೇಳಿದೆ."

ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಡಬ್ಬಿಗಳಿಂದ ಚೀಟಿ ಕೀಳುವ ಸದ್ದು ಒಂದಾದ ಮೇಲೊಂದು ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಫೋನ್ ಇತ್ತು.

"ಗ್ರಾಹಕರೇ ಅಂತ ಇತ್ತೇನು?"

"ಇತ್ತು."

"ತಾಸಿನ್ಯಾಗ ಅಂತ?"

"ಹೂಂ."

"ಕತ್ತೇ. ಕುಂದ್ರು, ಬರಿ ಈಗ. ಒತ್ತಿದಾಂವ ನಾನೇ ಅಂತ ನಿನ್ನ ಹೆಸರು ಹಾಕಿ ಬರಿ."

ಬರೆದು, ಕಂಪನಿಗೆ ಕಳಿಸಿದೆ. ಚಹಾ ಕೊಟ್ಟಳು. ನಾನು ಚಪ್ಪಲಿ ಮೆಟ್ಟುವಾಗ ಹೊಸ್ತಿಲವರೆಗೆ ಬಂದು, ಸೆರಗು ಸರಿಮಾಡಿಕೊಂಡು, ಬೀಗರ ಮನೆಗೆ ಬಂದವಳಂತೆ ನೆಟ್ಟಗೆ ನಿಂತಳು. ನನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಎಲ್ಲ ಹಿಡಿದು ಕರೆದು ಹೇಳಿದಳು: "ಬರೋ ಸೋಮವಾರ ನಮ್ಮ ಮನಿಗೆ ಊಟಕ್ಕ ಬರಬೇಕ್ರಿ."

ಹೆಸರು ಒಂದಕ್ಷರವೂ ತಪ್ಪಿರಲಿಲ್ಲ.