ಮಾವನ ಮಂಚದ ಕೆಳಗಿನ ಗಡಿಕಲ್ಲು

ಊರಿನ ಕಾಣೆಯಾದ ಗಡಿಕಲ್ಲನ್ನು ತಾನು ಹುಡುಕಿಯೇ ತೀರುವುದಾಗಿ ಡೆನ್ಜಿಲ್ ಘೋಷಿಸಿದ್ದು ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಬಾಯಿ ತುಂಬ ಟೋಸ್ಟ್ ಇಟ್ಟುಕೊಂಡು. ಮಹಾಘೋಷಣೆಗೆ ಇದು ತಕ್ಕ ಭಂಗಿಯಲ್ಲವೆಂದು ಅವನಿಗೂ ಗೊತ್ತಿತ್ತು. ಆದರೆ ಸ್ಫೂರ್ತಿ ಎನ್ನುವುದು ಟೋಸ್ಟ್ ನುಂಗುವವರೆಗೆ ಕಾಯುತ್ತದೆಯೇ!

“ನೋಡ್ತಿರು ಹೆಸ್ಟರ್, ಈ ಸಲದ ಗಡಿ ನಡಿಗೆಯಲ್ಲಿ ವೆದರ್‌ಕೂಂಬ್‌ನ ಇತಿಹಾಸವೇ ಬದಲಾಗತ್ತೆ!”

“ಮೊದಲು ಅಂಗಿ ಬದಲಾಯ್ಸು. ಜ್ಯಾಮ್ ಬಿದ್ದಿದೆ,” ಎಂದಳು ಹೆಂಡತಿ.

ಡೆನ್ಜಿಲ್ ಹಗಲೆಲ್ಲ ಪಟ್ಟಣದ ಕಚೇರಿಯೊಂದರಲ್ಲಿ ಕೂತು ಫೋನಿನಲ್ಲಿ ತೋಟದ ಬೇಲಿ ಮಾರುವವನು. ಸಂಬಳ ಸಣ್ಣದು, ಬಾಡಿಗೆ ದೊಡ್ಡದು ಎಂದು ಹೆಂಡತಿಯ ತವರಿನಲ್ಲೇ ಬೀಡುಬಿಟ್ಟ ಮನೆಯಳಿಯ. ಊರಿನವರು ಅವನನ್ನು ಇನ್ನೂ ‘ಹೆಸ್ಟರಳ ಗಂಡ’ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯಲು ಇನ್ನೊಂದು ತಲೆಮಾರು ಹೋಗಬೇಕಿತ್ತೇನೋ. ಗಡಿಕಲ್ಲು ಸಿಕ್ಕರೆ ಆ ಅವಧಿ ಕಡಿಮೆಯಾದೀತು ಎಂಬುದು ಅವನ ಲೆಕ್ಕ.

ಕೆಲವು ವರ್ಷಗಳಿಗೊಮ್ಮೆ ಮೇ ತಿಂಗಳಲ್ಲಿ, ಯೇಸುವಿನ ಸ್ವರ್ಗಾರೋಹಣ ಹಬ್ಬದ ವಾರದಲ್ಲಿ, ಇಡೀ ವೆದರ್‌ಕೂಂಬ್ ತನ್ನ ಎಲ್ಲೆಯ ಸುತ್ತ ನಡೆಯುತ್ತದೆ. ಮುಂದೆ ಪಾದ್ರಿ, ಹಿಂದೆ ಸಿಪ್ಪೆ ಸುಲಿದ ವಿಲೋ ಕೋಲು ಹಿಡಿದ ಜನ. ಗಡಿಕಲ್ಲು ಬಂದಲ್ಲೆಲ್ಲ ಪ್ರಾರ್ಥನೆ. ಪ್ರಾರ್ಥನೆ ಮುಗಿದ ಕೂಡಲೇ ಕಲ್ಲಿಗೆ ಕೋಲಿನಿಂದ ಬಾರಿಸುವುದು. ನಕ್ಷೆಗಳಿಲ್ಲದ ಕಾಲದಲ್ಲಿ ಊರುಗಳು ತಮ್ಮ ಎಲ್ಲೆಯನ್ನು ಕಾಲಿನಲ್ಲಿ, ಕೈಯಲ್ಲಿ ನೆನಪಿಟ್ಟುಕೊಂಡದ್ದು ಹೀಗೆ. ಹೊಸಬನೊಬ್ಬ ಜೊತೆಗಿದ್ದರೆ ಅವನನ್ನು ತಲೆಕೆಳಗು ಹಿಡಿದು ಕಲ್ಲಿಗೆ ತಲೆ ತಾಗಿಸುವುದೂ ಉಂಟು. ಆಮೇಲೆ ಅವನು ಸಾಯುವವರೆಗೆ ಆ ಜಾಗ ಮರೆಯುವುದಿಲ್ಲ.

ಒಂದೇ ಕೊರತೆ: ಹಳೆಯ ಗಿರಣಿಯ ಬಳಿಯ ಕಲ್ಲಿಗೂ ಚರ್ಚಿನ ಮೂಲೆಯ ಕಲ್ಲಿಗೂ ನಡುವೆ ಇರಬೇಕಾದ ಕಲ್ಲು ಅಜ್ಜಂದಿರ ಕಾಲದಲ್ಲೇ ಕಾಣೆಯಾಗಿತ್ತು. ಇದರಿಂದ ಯಾರಿಗೂ ದುಃಖವಾಗಿರಲಿಲ್ಲ. ಗಿರಣಿಯವರೆಗೆ ಭಕ್ತಿಯಿಂದ ನಡೆದವರು ಅಲ್ಲಿಂದ ನೇರ ‘ಕಪ್ಪು ಟಗರು’ ಪಬ್ಬಿಗೆ ನುಗ್ಗಿ, ಬಿಯರ್ ಕುಡಿದು, ಚರ್ಚಿನ ಮೂಲೆಯಲ್ಲಿ ಮತ್ತೆ ಗಡಿ ಹಿಡಿಯುತ್ತಿದ್ದರು. ಕಾಲಕ್ರಮೇಣ ಅದೂ ಒಂದು ಸಂಪ್ರದಾಯವಾಗಿತ್ತು.

ಆ ಸಂಪ್ರದಾಯಕ್ಕೇ ಡೆನ್ಜಿಲ್ ಕೈ ಹಾಕಿದ್ದ!

ಹಿಂದೆಲ್ಲ ಈ ನಡಿಗೆಯಲ್ಲಿ ಎಲ್ಲರಿಗಿಂತ ಮುಂದಿನ ಕೋಲು ಹಿಡಿಯುತ್ತಿದ್ದವನು ಅವನ ಮಾವ ಸೈಲಸ್. ಮನೆಗಳಿಗೆ ಹುಲ್ಲಿನ ಸೂರು ಹೊದಿಸುತ್ತಿದ್ದ ಮನುಷ್ಯ. ಈಗ ಸೊಂಟ ಬಿದ್ದು ಹಿಂದಿನ ಕೋಣೆಯ ಮಂಚವೇ ಗತಿಯಾಗಿತ್ತು. ಕಾಲ ಕಡೆಗೆ ಒಂದು ಕಿಟಕಿ. ಮಲಗಿದಲ್ಲಿಂದಲೇ ಅವನಿಗೆ ಚರ್ಚಿನ ಗೋಪುರ, ಅದರ ಪಕ್ಕದ ಯೂ ಮರ, ಮರದ ಕೆಳಗೆ ಹೆಂಡತಿ ಆಗ್ನೆಸಳ ಸಮಾಧಿ ಕಾಣುತ್ತಿತ್ತು. ಸಮಾಧಿಯ ಪಕ್ಕದಲ್ಲಿ ಒಬ್ಬ ಆಳು ಮಲಗುವಷ್ಟು ಹಸಿರು ಜಾಗ ಖಾಲಿ ಇತ್ತು. “ಅದು ನನ್ನ ಸೈಟು,” ಎನ್ನುತ್ತಿದ್ದ ಸೈಲಸ್. ಜಗತ್ತಿನಲ್ಲಿ ಅವನಿಗೆ ಉಳಿದಿದ್ದ ಆಸೆ ಅದೊಂದೇ.

ಆ ಸೈಟಿಗೆ ಕಾವಲು ಹಾಕಿದವನೂ ಡೆನ್ಜಿಲ್ಲನೇ. ಚರ್ಚಿನ ಅಂಗಳ ತುಂಬುತ್ತ ಬಂದಿತ್ತು. ಪಕ್ಕದ ಡಗ್‌ಮೋರ್‌ನವರು ತಮ್ಮೂರ ಚರ್ಚು ಮುಚ್ಚಿದ ಮೇಲೆ ತಮ್ಮವರನ್ನು ಇಲ್ಲಿಗೆ ತಂದು ಹೂಳಲು ಶುರುಮಾಡಿದ್ದರು. ಚಳಿಗಾಲದ ಊರ ಸಭೆಯಲ್ಲಿ ಡೆನ್ಜಿಲ್ ಎದ್ದು ನಿಂತು, ಬೇಲಿ ಮಾರುವ ದನಿಯಲ್ಲಿ ಗುಡುಗಿದ್ದ: “ರಾತ್ರಿ ಯಾರ ತಲೆ ವೆದರ್‌ಕೂಂಬ್‌ನ ಗಡಿಯೊಳಗೆ ಮಲಗತ್ತೋ ಅವರಿಗೆ ಮಾತ್ರ ಇಲ್ಲಿ ಕೊನೆಯ ನಿದ್ದೆ! ಒಂದು ಅಂಗುಲ ಆಚೆ ಇದ್ರೂ ಇಲ್ಲ!” ಸಭೆ ಚಪ್ಪಾಳೆ ತಟ್ಟಿತು. ಮಾತು ಹಾಗೆಯೇ ನಿಯಮವಾಯಿತು. ಡಗ್‌ಮೋರ್ ಎಂಬ ಹೆಸರು ಕೇಳಿದರೇ ಮೂಗು ಮುರಿಯುತ್ತಿದ್ದ ಸೈಲಸ್ ಅಂದು ಮೊದಲ ಸಲ ಅಳಿಯನ ಬೆನ್ನು ತಟ್ಟಿದ್ದ.

ಗಡಿ ನಡಿಗೆಯ ಶನಿವಾರ ಗಿರಣಿಯ ಕಲ್ಲಿಗೆ ಕೋಲಿನೇಟು ಬಿದ್ದದ್ದೇ ತಡ, ಜನ ಅಭ್ಯಾಸಬಲದಿಂದ ಪಬ್ಬಿನ ಕಡೆ ತಿರುಗಿದರು. ಡೆನ್ಜಿಲ್ ಕೈಯೆತ್ತಿ ಅಡ್ಡ ನಿಂತ. ಹೆಗಲ ಮೇಲೆ ದೊಡ್ಡ ಹಗ್ಗದ ಸುರುಳಿ.

“ಮಹಾಜನಗಳೇ, ನಿಲ್ಲಿ! ಅಗೋ, ಚರ್ಚಿನ ಮೂಲೆ ಕಲ್ಲಿನ ಹತ್ರ ಕೆಂಪು ಬಾವುಟ ನೆಟ್ಟು ಬಂದಿದೀನಿ. ಇಲ್ಲಿಂದ ಅಲ್ಲಿಗೆ ನೇರ ಹಗ್ಗ ಹಿಡಿದರೆ ನಡುವಿನ ಕಲ್ಲು ಎಲ್ಲಿಗೆ ಹೋಗತ್ತೆ? ಸಿಕ್ಕೇ ಸಿಗತ್ತೆ!”

“ಸಿಕ್ಕೀತು ಕಣಪ್ಪ, ಬಿಯರ್ ಸಿಗಲ್ವಲ್ಲ,” ಎಂದಳು ಊರ ಸಭೆಯ ಅಧ್ಯಕ್ಷೆ ಪಾರ್ಫಿಟ್ಟಮ್ಮ. “ನಮ್ಮಜ್ಜ ಹುಡುಕದೆ ಬಿಟ್ಟದ್ದನ್ನ ಹುಡುಕೋಕೆ ನೀನ್ಯಾರು?”

“ಇತಿಹಾಸ ಬಾಯಾರಿಕೆಗೆ ಬಗ್ಗೋದಿಲ್ಲ ಮೇಡಂ!”

ಪಾದ್ರಿ ಥರ್ಲೋ ನಿಟ್ಟುಸಿರುಬಿಟ್ಟು ಮುಂದೆ ನಡೆದರು. ಹಗ್ಗ ತುರಿಕೆಗಿಡಗಳ ನಡುವೆ ಹಾದು, ಹಾಥಾರ್ನ್ ಮುಳ್ಳುಬೇಲಿ ಹತ್ತಿ ಇಳಿದು, ಒಂದು ಹಿತ್ತಲಿನ ಬಾಗಿಲಿಗೆ ಬಂದು ನಿಂತಿತು. ಬಾಗಿಲು ಡೆನ್ಜಿಲ್‌ಗೆ ಪರಿಚಯದ್ದೇ. ಅದನ್ನು ದಿನಾ ಅವನೇ ತೆರೆಯುತ್ತಿದ್ದ!

ಒಳಗೆ ಹೆಸ್ಟರ್ ಆಗಷ್ಟೇ ಅಡುಗೆಮನೆಯ ನೆಲ ಒರೆಸಿ, ಒರೆಸುಕೋಲಿಗೆ ಒರಗಿ ನಿಂತಿದ್ದಳು. ಹೊಸ್ತಿಲಲ್ಲಿ ಗಂಡ, ಪಾದ್ರಿ, ಪಾರ್ಫಿಟ್ಟಮ್ಮ. ಅವರ ಹಿಂದೆ ಕೋಲು ಹಿಡಿದ ಇಡೀ ಊರು. ಊರಿನ ಕಾಲಿಗೆಲ್ಲ ಕೆಸರು.

“ಏನಿದು?”

“ಗಡಿ, ಹೆಸ್ಟರ್. ಗಡಿ ನಮ್ಮ ಮನೆಯೊಳಗೆ ಹೋಗ್ತಿದೆ.”

“ಹೋಗ್ಲಿ. ಚಪ್ಪಲಿ ಬಿಟ್ಟು ಹೋಗ್ಲಿ.”

ಊರಿಗೆ ಊರೇ ಬೂಟು ಬಿಚ್ಚಿತು. ಹೀಗೆ ವೆದರ್‌ಕೂಂಬ್‌ನ ಪುರಾತನ ಮೆರವಣಿಗೆ ತೂತುಬಿದ್ದ ಕಾಲುಚೀಲಗಳಲ್ಲಿ, ಒಲೆಗೂ ನೀರಿನ ತೊಟ್ಟಿಗೂ ನಡುವೆ ಹಾದು, ಸೈಲಸ್‌ನ ಕೋಣೆಯನ್ನು ಪ್ರವೇಶಿಸಿತು. ದಿಂಬಿಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದ ಮುದುಕ ತಿರುಗಿದ.

“ಏನ್ರಪ್ಪಾ, ಪಾದ್ರಿಗಳನ್ನೂ ಕರ್ಕೊಂಡು ಬಂದಿದೀರಿ! ನಾನಿನ್ನೂ ಸತ್ತಿಲ್ಲ.”

ಹಗ್ಗ ನೇರ ಅವನ ಮಂಚದ ಕೆಳಗೆ ಹೋಗುತ್ತಿತ್ತು. ಡೆನ್ಜಿಲ್ ಹೊಟ್ಟೆಯ ಮೇಲೆ ತೆವಳಿ ಕಂಬಳಿ ಎತ್ತಿದ. ನೆಲದಿಂದ ಗೇಣುದ್ದ ಎದ್ದುನಿಂತ ಕಲ್ಲು! ಈ ಕೋಣೆ ಹಿಂದೆ ದನದ ಕೊಟ್ಟಿಗೆ. ಕಟ್ಟಿದವರು ಗಡಿಕಲ್ಲು ಕೀಳಲು ಹೆದರಿ, ಅದರ ಸುತ್ತಲೇ ನೆಲ ಹಾಕಿದ್ದರು. ದನ ಕಟ್ಟುವ ಹಳೆಯ ಕಲ್ಲೆಂದು ಮನೆಯವರು ಅದನ್ನು ಗಮನಿಸಿರಲೇ ಇಲ್ಲ. ಒಂದು ಬದಿಯಲ್ಲಿ ವೆದರ್‌ಕೂಂಬ್‌ನ ಮೊದಲಕ್ಷರ, ಇನ್ನೊಂದು ಬದಿಯಲ್ಲಿ ಡಗ್‌ಮೋರ್‌ನದು.

“ಸಿಕ್ತು! ಸಿಕ್ತು!”

“ಹೊಸಬ ಯಾರು?” ಎಂದಳು ಪಾರ್ಫಿಟ್ಟಮ್ಮ ತಣ್ಣಗೆ. ಬಿಯರ್ ತಪ್ಪಿದ ಸಿಟ್ಟು ಅವಳ ಕಣ್ಣಿನಲ್ಲಿತ್ತು. “ಹೆಸ್ಟರಳ ಗಂಡ ತಾನೇ? ಎತ್ರಪ್ಪಾ!”

ಸೈಲಸ್‌ನನ್ನು ಹುಷಾರಾಗಿ ಕುರ್ಚಿಗೆ ಸರಿಸಿ, ಮಂಚವನ್ನು ಓರೆಯಾಗಿ ಎತ್ತಿ ಹಿಡಿದರು. ಇಬ್ಬರು ದಾಂಡಿಗರು ಡೆನ್ಜಿಲ್‌ನ ಕಾಲು ಹಿಡಿದು ತಲೆಕೆಳಗು ಮಾಡಿದರು. ಟಕ್! ತಲೆ ಕಲ್ಲಿಗೆ ತಾಗಿತು. ಚಪ್ಪಾಳೆ. ಮತ್ತೊಮ್ಮೆ, ಟಕ್! ಆ ಎರಡನೆಯ ಏಟಿನಲ್ಲೇ, ಜಗತ್ತು ಬುಡಮೇಲಾಗಿ ಕಾಣುತ್ತಿರುವಾಗ, ಡೆನ್ಜಿಲ್‌ಗೆ ಒಂದು ಸಂಗತಿ ಹೊಳೆಯಿತು. ಮಂಚದ ಕಾಲ ಕಡೆ ವೆದರ್‌ಕೂಂಬ್. ದಿಂಬು ಇರುವ ಕಡೆ, ಮಾವನ ತಲೆ ರಾತ್ರಿಯೆಲ್ಲ ಮಲಗುವ ಕಡೆ, ಡಗ್‌ಮೋರ್.

“ಇಳಿಸಿ,” ಎಂದ. ದನಿಯಲ್ಲಿ ಬೇಲಿ ಮಾರುವವನ ಠೀವಿ ಇರಲಿಲ್ಲ.

ಯಾಕೆಂದು ಅವನು ಹೇಳಬೇಕಾಗಿರಲಿಲ್ಲ. ಎಲ್ಲರೂ ಕಲ್ಲಿನ ಅಕ್ಷರ ನೋಡಿದ್ದರು, ದಿಂಬನ್ನೂ ನೋಡಿದ್ದರು. ಪಾದ್ರಿ ತಮ್ಮ ಕಾಲುಚೀಲ ನೋಡುತ್ತ ನಿಂತರು.

“ನಿಯಮ...” ಎಂದು ಪಾರ್ಫಿಟ್ಟಮ್ಮ ಬಾಯಿ ತೆರೆದು, ಮುದುಕನ ಮುಖ ನೋಡಿ ನಿಲ್ಲಿಸಿದಳು.

ಸೈಲಸ್ ಕಿಟಕಿಯತ್ತ ತಿರುಗಿದ. “ಅಂದ್ರೆ ಅವಳ ಪಕ್ಕ ನನಗೆ ಜಾಗ ಇಲ್ಲ,” ಎಂದ ಮೆಲ್ಲಗೆ. ಕೇಳಿದ್ದಲ್ಲ, ಹೇಳಿದ್ದು. ಅವನ ದೊಡ್ಡ ಅಂಗೈಗಳು ಮೊಣಕಾಲಿನ ಮೇಲೆ ಸುಮ್ಮನೆ ಬಿದ್ದಿದ್ದವು.

ಡೆನ್ಜಿಲ್‌ಗೆ ನೆತ್ತಿಯಲ್ಲಿ ಊದಿದ ಬೋರೆ ನೋಯುತ್ತಿತ್ತು. ಅದಕ್ಕಿಂತ ಒಳಗೆ ಬೇರೇನೋ ನೋಯುತ್ತಿತ್ತು. “ಮಾವ, ಆ ನಿಯಮ ನಾನೇ ತೆಗೆಸ್ತೀನಿ. ಸಭೆಯಲ್ಲಿ ಎಲ್ಲರ ಕಾಲಿಗೆ ಬೀಳ್ತೀನಿ.”

“ಮತ್ತೆ ಮಾತಾಡೋಕೆ ಹೋಗ್ತಾನಂತೆ!” ಹೆಸ್ಟರ್ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಒದ್ದೆ, ಕೈಯಲ್ಲಿ ಒರೆಸುಕೋಲು. “ಬಾಯಿ ಮುಚ್ಕೊಂಡು ಮಂಚ ತಿರುಗ್ಸು! ನಿಯಮ ತಲೆ ಅಂದಿದೆ ತಾನೇ? ತಲೆ ಈ ಕಡೆ ಬರ್ಲಿ.”

ಪಾದ್ರಿ ತಲೆಯೆತ್ತಿದರು. ಪಾರ್ಫಿಟ್ಟಮ್ಮ ಅಂಗಿಯ ತೋಳು ಮಡಚಿದಳು.

ಕಬ್ಬಿಣದ ಮಂಚ, ಇಕ್ಕಟ್ಟಾದ ಕೋಣೆ. ಬೀರು ಅಡುಗೆಮನೆಗೆ ಹೋಯಿತು. ಕೋಣೆಯ ಬಾಗಿಲು ಕಳಚಿತು. ಊರಿನ ಗಂಡಸರೆಲ್ಲ ಒಬ್ಬರ ಬೆರಳನ್ನೊಬ್ಬರು ಜಜ್ಜಿಕೊಂಡರು. ಕೊನೆಗೂ ಮಂಚ ತಿರುಗಿ ಕಿಟಕಿಗೆ ತಲೆಯಿಟ್ಟು ನಿಂತಿತು. ಸೈಲಸ್‌ನನ್ನು ಮಲಗಿಸಿದರು. ಪಾರ್ಫಿಟ್ಟಮ್ಮ ಮೊಣಕಾಲೂರಿ, ಹಗ್ಗ ಬಿಗಿಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು.

“ತಲೆ ನಮ್ಮದು. ಕಾಲು ಅವರದ್ದು.”

“ಒಳ್ಳೇದೇ ಆಯ್ತು,” ಎಂದ ಸೈಲಸ್. “ಡಗ್‌ಮೋರ್‌ನವರನ್ನ ಒದೆಯೋಕೆ ದೂರ ಹೋಗಬೇಕಾಗಿಲ್ಲ.”

ಎಲ್ಲರೂ ನಕ್ಕರು. ಪಾದ್ರಿ ಪ್ರಾರ್ಥನೆ ಹೇಳಿದರು. ಕಲ್ಲಿಗೆ ಕೋಲಿನೇಟು ಬಿತ್ತು. ಊರು ಬೂಟು ಹಾಕಿಕೊಂಡು ಪಬ್ಬಿಗೆ ಓಡಿತು.

ಗದ್ದಲ ಕರಗಿದ ಮೇಲೆ ಡೆನ್ಜಿಲ್ ನೋಡಿದ: ಮುದುಕ ಎದುರಿನ ಬೋಳು ಗೋಡೆಯನ್ನು ದಿಟ್ಟಿಸುತ್ತ ಮಲಗಿದ್ದ. ಕಿಟಕಿ ಈಗ ಅವನ ತಲೆಯ ಹಿಂದಿತ್ತು. ಅವಳ ಪಕ್ಕ ಸೇರುವುದಕ್ಕಾಗಿ ಅವಳನ್ನು ನೋಡುವುದನ್ನೇ ಬಿಟ್ಟುಕೊಟ್ಟಿದ್ದ.

ಡೆನ್ಜಿಲ್ ಸದ್ದಿಲ್ಲದೆ ಮಹಡಿ ಹತ್ತಿ ಹೆಸ್ಟರಳ ದೊಡ್ಡ ಕನ್ನಡಿ ಇಳಿಸಿಕೊಂಡು ಬಂದ. ಬೋಳು ಗೋಡೆಗೆ ಮೊಳೆ ಹೊಡೆದ. ಬೆರಳಿಗೂ ಹೊಡೆದುಕೊಂಡ. ಕನ್ನಡಿ ತೂಗುಹಾಕಿ, ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ ಬಾಗಿಸಿದ. ಗೋಪುರ ಬಂತು; ಯೂ ಮರ ಬಂತು.

“ಸಾಕು, ಅಲ್ಲೇ ಇರ್ಲಿ,” ಎಂದ ಸೈಲಸ್. “ಕನ್ನಡಿಯಲ್ಲಿ ಅವಳು ನನ್ನ ಸೈಟಿನ ಬಲಗಡೆಗೆ ಬಂದಿದಾಳೆ. ಮಂಚದಲ್ಲೂ ಅವಳು ಯಾವಾಗ್ಲೂ ಬಲಗಡೆ ಮಲಗೋದು.”

ಡೆನ್ಜಿಲ್ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಹೆಸ್ಟರ್ ಹಗ್ಗ ಸುತ್ತಿಡುತ್ತ ಕೇಳಿದಳು: “ಅಂದಹಾಗೆ, ನಮ್ಮ ಮಂಚ?”

ಅವರ ಮಂಚ ಮಹಡಿಯ ಮೇಲಿತ್ತು. ಮಹಡಿ ಇದ್ದದ್ದು ಒಲೆಯ ಕಡೆಯ ಭಾಗದ ಮೇಲೆ ಮಾತ್ರ. ಒಲೆಯ ಕಡೆ ಎಂದರೆ ಡಗ್‌ಮೋರ್. ಅತ್ತ ತಿರುಗಿಸಿದರೂ ಡಗ್‌ಮೋರ್, ಇತ್ತ ತಿರುಗಿಸಿದರೂ ಡಗ್‌ಮೋರ್!

ದಿಂಬಿನಿಂದ ಸೈಲಸ್‌ನ ನರಳಾಟ ಕೇಳಿಸಿತು. “ಅಯ್ಯೋ ದೇವರೇ! ಮಗಳನ್ನ ಡಗ್‌ಮೋರ್‌ಗೆ ಕೊಟ್ಟ ಹಾಗಾಯ್ತಲ್ಲೋ!”

ಮರುದಿನ ಬೆಳಗ್ಗೆ ಡೆನ್ಜಿಲ್, ನೆತ್ತಿಯ ಮೇಲೆ ಬೋರೆ, ಹೆಬ್ಬೆರಳಿಗೆ ಬಟ್ಟೆ, ತಲೆ ತಗ್ಗಿಸಿಕೊಂಡು ಮಹಡಿಯಿಂದ ಇಳಿದು ಚಹಾ ಲೋಟ ಹಿಡಿದು ಬಂದ. ಮಾವ ಹಾಸಿಗೆಯಲ್ಲಿ ಎದ್ದು ಕೂತಿದ್ದ. ತಲೆಯನ್ನು ಗಡಿಯ ಈಚೆಗೇ ಜೋಪಾನವಾಗಿಟ್ಟುಕೊಂಡು, ದೂರದಿಂದ ಬಂದ ನೆಂಟನನ್ನು ಬರಮಾಡಿಕೊಳ್ಳುವ ಗಾಂಭೀರ್ಯದಿಂದ ಲೋಟಕ್ಕೆ ಕೈಚಾಚಿದ.

“ಬನ್ನಿ ಬನ್ನಿ ಅಳಿಯಂದಿರೇ. ನಿಮ್ಮೂರ ಕಡೆ ಮಳೆ ಹೇಗೆ?”