ವ್ಯಾಯಾಮಕ್ಕೆ ಅನುಮತಿ ಕೋರಿ

ನಮ್ಮ ಕಚೇರಿಯಲ್ಲಿ ಅನುಮತಿಯಿಲ್ಲದೆ ಸಣ್ಣಗಾದ ನೌಕರ ಇದುವರೆಗೆ ಒಬ್ಬರೇ. ಅನುಮತಿಯಿಲ್ಲದೆ ದಪ್ಪಗಾದವರು ಹಲವರಿದ್ದಾರೆ. ಅದು ಕೂತಲ್ಲೇ ಆಗುವ ಕೆಲಸವಾದ್ದರಿಂದ ನಿಯಮಗಳಲ್ಲಿ ಅವಕಾಶವಿದೆ. ಸಣ್ಣಗಾದವರು ನನ್ನ ಭಾವ. ಅವರ ಪ್ರಕರಣದ ಬಗ್ಗೆ ಹೊರಗೆ ಏನೇನೋ ಮಾತು ಹಬ್ಬಿರುವುದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆದಿಡುತ್ತಿದ್ದೇನೆ.

ಭಾವ, ಅಂದರೆ ನನ್ನ ಅಕ್ಕನ ಗಂಡ, ನಮ್ಮ ಕಚೇರಿಯ ನೆಲಮಹಡಿಯಲ್ಲಿ ದಾಖಲೆ ಕೊಠಡಿ ನೋಡಿಕೊಳ್ಳುತ್ತಾರೆ. ನಾನು ಅದೇ ಕಚೇರಿಯ ಟಪಾಲು ಶಾಖೆಯ ಗುಮಾಸ್ತ. ಒಂದು ಮೇಜಿನ ಕಾಗದವನ್ನು ಇನ್ನೊಂದು ಮೇಜಿಗೆ ಕಳಿಸುವುದು ನನ್ನ ಕೆಲಸ. ಅವಸರ ಮಾಡುವವನಲ್ಲ ಎಂದು ಹೆಸರು ತೆಗೆದುಕೊಂಡಿದ್ದೇನೆ. ಭಾವ ಕೆಲಸಕ್ಕೆ ಸೇರಿದಾಗಿನಿಂದ ಒಂದೇ ಕುರ್ಚಿಯಲ್ಲಿ ಕೂತವರು. ರಜೆ ಹಾಕಿದ ದಿನವೂ ಮೆತ್ತೆಯ ಮೇಲೆ ಅವರ ಗುರುತು ಹಾಗೇ ಇರುತ್ತಿತ್ತು, ಹಾಜರಿಗೆ ಅದೇ ಸಾಕಾಗುತ್ತಿತ್ತು.

ಒಂದು ಬೆಳಿಗ್ಗೆ ಚಪ್ಪಲಿಯ ಪಟ್ಟಿ ಬಿಗಿಯಲು ಬಗ್ಗಿದ ಭಾವ ಮೇಲೇಳಲಾರದೆ ಹೊಸ್ತಿಲ ಮೇಲೇ ಕೂತುಬಿಟ್ಟರು. ಮುಖವೆಲ್ಲ ಬೆವರು, ಬಾಯಿ ಬಿಟ್ಟರೆ ಮಾತಿಲ್ಲ. ಅಕ್ಕ ಅವರನ್ನು ವೈದ್ಯರ ಹತ್ತಿರ ಎಳೆದುಕೊಂಡು ಹೋದಳು, ಹಿಂದಿನಿಂದ ತಳ್ಳಲು ನನ್ನನ್ನೂ ಕರೆದುಕೊಂಡಳು.

ವೈದ್ಯರು ಎದೆಗೆ ಕೊಳವೆ ಇಟ್ಟು ಕೇಳಿ ಹೇಳಿದರು: "ಹೀಗೇ ಕೂತಿದ್ರೆ ಇನ್ನೊಂದು ವರ್ಷದ ಮಾತೂ ನಾನು ಹೇಳೋಲ್ಲ. ದಿನಾ ಸಂಜೆ ಅರ್ಧ ಗಂಟೆ ಬಿರುಸಾಗಿ ನಡೀರಿ. ಅದು ಕಾರ್ಡಿಯೋ, ಹೃದಯಕ್ಕೆ. ವಾರಕ್ಕೆರಡು ಸಲ ಸ್ವಲ್ಪ ಭಾರ ಎತ್ತಿ. ಅದು ಮೈಕಟ್ಟಿಗೆ."

"ಎರಡರಲ್ಲಿ ಯಾವ್ದು ಒಳ್ಳೇದು ಡಾಕ್ಟ್ರೇ?" ಎಂದು ಭಾವ ಕೇಳಿದರು. ಒಂದಾದರೂ ತಪ್ಪೀತೇನೋ ಎಂಬ ಆಸೆ ಅವರಿಗೆ.

"ಊಟ ಮಾಡ್ತೀರೋ ನೀರು ಕುಡೀತೀರೋ ಅಂದ್ರೆ ಏನಂತೀರಿ? ಎರಡೂ ಬೇಕು."

ಅಕ್ಕನಿಗೆ ಹೆದರಿಕೆಯೂ ಆಯಿತು, ಒಳಗೊಳಗೇ ಸಂತೋಷವೂ ಆಯಿತು. ಸಂಜೆ ಬೆಳಕಿರುವಾಗ ಗಂಡನ ಜೊತೆ ಒಂದು ಸುತ್ತು ನಡೆದು ಬರಬೇಕೆಂಬುದು ಮದುವೆಯಾದಾಗಿನಿಂದ ಅವಳಿಗಿದ್ದ ಒಂದೇ ದೊಡ್ಡ ಆಸೆ. ಮೇಲಿನ ಮಹಡಿಗಳಿಗೆ ಹೋದ ಕಡತಗಳೆಲ್ಲ ವಾಪಸು ಬರುವವರೆಗೆ ಭಾವ ಬೀಗ ಹಾಕುವಂತಿಲ್ಲ. ಅವರು ಮನೆ ಸೇರುವಾಗ ಬೀದಿದೀಪ ಹತ್ತಿರುತ್ತಿತ್ತು. ಅಕ್ಕ ಆ ದಿನವೇ ಎರಡು ಜೊತೆ ಬಟ್ಟೆಯ ಬೂಟು ತಂದು ಬಾಗಿಲ ಪಕ್ಕ ಜೋಡಿಸಿಟ್ಟಳು. ಭಾವ ಮಾಡಬೇಕಾದದ್ದು ಇಷ್ಟೇ: ಸಂಜೆ ಅರ್ಧ ಗಂಟೆ ಮುಂಚೆ ಹೊರಡಲು ಅನುಮತಿ ಕೇಳುವುದು. ಕೇಳಿದರು.

ಅರ್ಜಿ ನಮ್ಮ ಸಾಹೇಬರ ಮುಂದೆ ಹೋಯಿತು. ಅವರು ನಿಯಮಗಳ ಪುಸ್ತಕ ತೆರೆದು ಓದಿದರು: "ಯಾವುದೇ ನೌಕರನು ಏಕಕಾಲಕ್ಕೆ ಎರಡು ಸೌಲಭ್ಯಗಳನ್ನು ಪಡೆಯತಕ್ಕದ್ದಲ್ಲ. ಒಮ್ಮೆ ಆಯ್ದ ಸೌಲಭ್ಯವನ್ನು ನಿವೃತ್ತಿಯವರೆಗೆ ಬದಲಾಯಿಸತಕ್ಕದ್ದಲ್ಲ." ಓದಿ ಭಾವನ ಕಡೆ ನೋಡಿದರು. "ಕಾರ್ಡಿಯೋನೋ ಭಾರಾನೋ? ಯೋಚನೆ ಮಾಡಿ ಹೇಳಿ. ಜೀವಮಾನದ ಪ್ರಶ್ನೆ."

"ಡಾಕ್ಟ್ರು ಎರಡೂ ಅಂದ್ರು ಸಾರ್."

"ಡಾಕ್ಟ್ರು ನಮ್ಮ ಇಲಾಖೆಯೋರಲ್ಲ."

ಆಯ್ಕೆಗಾಗಿ ಸಮಿತಿ ರಚನೆಯಾಯಿತು. ಅದರಲ್ಲಿ ಇಬ್ಬರು. ಸಿಬ್ಬಂದಿ ಶಾಖೆಯ ಮುಖ್ಯಸ್ಥೆಯನ್ನು ಬೆನ್ನ ಹಿಂದೆ ಎಲ್ಲರೂ ಕಡ್ಡಿ ಮೇಡಂ ಎನ್ನುತ್ತಾರೆ. ಹುಟ್ಟಿದಾಗಿನಿಂದ ಹಾಗೇ ಇರುವ ಅವರು ಅದನ್ನು ಸ್ವಂತ ಸಾಧನೆ ಎಂದು ತಿಳಿದಿದ್ದಾರೆ. ಲೆಕ್ಕಾಧಿಕಾರಿಗಳಿಗೆ ಹಂಡೆ ಸಾಹೇಬರು ಎಂದು ಹೆಸರು. ಕಾಲೇಜಿನಲ್ಲಿ ಒಮ್ಮೆ ಕಬ್ಬಿಣದ ಗುಂಡು ಎತ್ತಿದ್ದನ್ನು ಅವರು ಇನ್ನೂ ಕೆಳಗಿಳಿಸಿಲ್ಲ. ನಡಾವಳಿ ಬರೆಯಲು ನಾನು ಕೂತಿದ್ದೆ.

"ಹೃದಯ ಅಂದ್ಮೇಲೆ ಕಾರ್ಡಿಯೋನೇ," ಎಂದರು ಕಡ್ಡಿ ಮೇಡಂ. "ಓಡಲಿ, ನಡೀಲಿ, ಮೈ ಕರಗಲಿ."

"ನೌಕರ ಓಡೋದನ್ನ ಜನ ನೋಡಿದ್ರೆ ಏನಂದ್ಕೋತಾರೆ ಮೇಡಂ? ಕಚೇರಿಗೆ ಬೆಂಕಿ ಬಿದ್ದಿದೆ ಅಂದ್ಕೋತಾರೆ. ಭಾರ ಎತ್ತೋದಾದ್ರೆ ನಿಂತಲ್ಲೇ ಆಗುತ್ತೆ. ಮನುಷ್ಯನಿಗೆ ತೂಕ ಬರುತ್ತೆ."

"ತೂಕ ಇಳಿಸೋಕೆ ತಾನೇ ಅರ್ಜಿ?"

"ನಾನು ಹೇಳಿದ್ದು ಬೇರೆ ತೂಕ."

"ಬೇರೆ ತೂಕಕ್ಕೆ ಬೇರೆ ಅರ್ಜಿ ಹಾಕ್ಲಿ."

ವಾದ ಹಲವು ಬೈಠಕುಗಳವರೆಗೆ ನಡೆಯಿತು. ಕಚೇರಿ ಎರಡು ಪಕ್ಷವಾಯಿತು. ಓಟದವರು ಭಾರದವರ ಜೊತೆ ಚಹಾ ಕುಡಿಯುವುದನ್ನು ಬಿಟ್ಟರು. ಯಾವ ಪಕ್ಷದಲ್ಲೂ ಯಾರೂ ಕುರ್ಚಿಯಿಂದ ಎದ್ದದ್ದನ್ನು ನಾನು ಕಾಣೆ. ಕೊನೆಗೆ ಸಾಹೇಬರೇ ಮಧ್ಯೆ ಬಂದು, ಎರಡರ ಬಗ್ಗೆಯೂ ಸಂಬಂಧಪಟ್ಟ ಶಾಖೆಗಳ ಅಭಿಪ್ರಾಯ ತರಿಸಿಕೊಳ್ಳಲು ಆದೇಶಿಸಿದರು. ಕಾರ್ಡಿಯೋ ಎಂಬುದು ಮೇಲ್ನೋಟಕ್ಕೇ ಕಾರ್ಡಿಗೆ ಸಂಬಂಧಿಸಿದ್ದಾದ್ದರಿಂದ ಆ ಕಡತ ಐದನೇ ಮಹಡಿಯ ಗುರುತಿನ ಕಾರ್ಡು ಶಾಖೆಗೆ ಹೋಗತಕ್ಕದ್ದೆಂದೂ, ಭಾರದ ಕಡತ ರಸ್ತೆಯಾಚೆಯ ತೂಕ ಮತ್ತು ಅಳತೆ ಕಚೇರಿಗೆ ಹೋಗತಕ್ಕದ್ದೆಂದೂ ತೀರ್ಮಾನವಾಯಿತು. ಟಪಾಲಿನಲ್ಲಿ ಹೋದರೆ ನನ್ನ ಮೂಲಕ ಹೋಗಬೇಕಾಗುತ್ತದೆ. ಪ್ರಕರಣ ತುರ್ತಾದ್ದರಿಂದ ಅರ್ಜಿದಾರರೇ ಕೈಯಾರೆ ಒಯ್ಯಬೇಕೆಂದು ಸಾಹೇಬರು ಬರೆದರು. ನಾನು ಬೇಸರಪಟ್ಟುಕೊಳ್ಳಲಿಲ್ಲ.

ನಮ್ಮ ಕಟ್ಟಡದಲ್ಲಿ ಲಿಫ್ಟ್ ಇದೆ. ಅದರ ಬಾಗಿಲಿಗೆ "ಲಿಫ್ಟ್ ದುರಸ್ತಿಯಲ್ಲಿದೆ" ಎಂಬ ಫಲಕ ತೂಗುತ್ತದೆ. ಬಣ್ಣ ಮಾಸಿದಾಗಲೆಲ್ಲ ಆ ಫಲಕವನ್ನು ತಪ್ಪದೆ ದುರಸ್ತಿ ಮಾಡುತ್ತಾ ಬಂದಿದ್ದೇವೆ. ಭಾವ ಮೊದಲ ದಿನ ಐದನೇ ಮಹಡಿ ತಲುಪುವಾಗ ಊಟದ ಹೊತ್ತಾಗಿ ಶಾಖೆ ಮುಚ್ಚಿತ್ತು. ಪ್ರತಿ ಮಹಡಿಯಲ್ಲೂ ಕೂತು, ಬಾಗಿಲು ಕಾಯುವವರ ಹತ್ತಿರ ನೀರು ಕೇಳಿ ಕುಡಿದು ಹತ್ತಿದ್ದರು. ಅವತ್ತು ನನಗೆ ನಿಜಕ್ಕೂ ಭಯವಾಯಿತು. ಹೆಚ್ಚುಕಮ್ಮಿ ಆದರೆ ಅಕ್ಕನಿಗೆ ಮುಖ ತೋರಿಸುವುದು ಹೇಗೆಂದು ಹಿಂದೆಯೇ ಹತ್ತಿ ಹೋಗಿದ್ದೆ.

ಕಾರ್ಡು ಶಾಖೆಯವರು ಕಡತವನ್ನು ಗೌರವದಿಂದಲೇ ನೋಡಿದರು. ಕಾರ್ಡಿಯೋ ಕೊಡಬೇಕಾದರೆ ಮೊದಲು ಕಾರ್ಡು ಸರಿಯಿರಬೇಕು. ಅವರು ಭಾವನ ಕಾರ್ಡನ್ನೂ ಮುಖವನ್ನೂ ಹೋಲಿಸಿ, ಫೋಟೋ ಹಳೆಯದಾಗಿದೆ, ಹೊಸದು ತನ್ನಿ ಎಂದರು. ತಂದರು. ಸಹಿ ಮಾಡುವವರು ಇರಲಿಲ್ಲ. ಮತ್ತೆ ಹತ್ತಿದರು. ಸಹಿ ಮಾಡುವವರು ಇದ್ದರು, ಮೊಹರು ಕೆಳಗಿನ ಮಹಡಿಯಲ್ಲಿತ್ತು. ಇಳಿದು, ತಂದು, ಹತ್ತುವಷ್ಟರಲ್ಲಿ ಸಹಿ ಮಾಡುವವರು ಹೊರಟಿದ್ದರು. ಹೀಗೆ ಕೆಲವು ವಾರ ಕಳೆಯಿತು. ಎಲ್ಲ ಕೂಡಿಬಂದ ದಿನ ಅಲ್ಲಿನ ಗುಮಾಸ್ತ ಫೋಟೋವನ್ನು ಎತ್ತಿ ಹಿಡಿದು ಕೇಳಿದ: "ಇವರು ಯಾರು?"

"ನಾನೇನಪ್ಪ."

"ಇಷ್ಟು ಗಲ್ಲ ಎಲ್ಲಿ ಹೋಯ್ತು? ಫೋಟೋ ಹೊಂದೋಲ್ಲ. ಹೊಸದು ತನ್ನಿ."

ಹೊಸದು ತಂದು, ಸಹಿ ಮೊಹರುಗಳು ಕೂಡಿಬರುವಷ್ಟರಲ್ಲಿ ಆ ಗಲ್ಲವೂ ಇಳಿದಿರುತ್ತಿತ್ತು.

ರಸ್ತೆಯಾಚೆಯ ಕಥೆ ಇನ್ನೂ ನೇರವಾದದ್ದು. ಮುದ್ರೆಯಿಲ್ಲದ ತೂಕವನ್ನು ಎತ್ತುವುದು ಅಪರಾಧ ಎಂದು ತೂಕ ಮತ್ತು ಅಳತೆಯವರು ಹೇಳಿದರು. ಎತ್ತಲಿರುವ ಕಬ್ಬಿಣದ ತೂಕಗಳನ್ನು ತಂದು ಮುದ್ರೆ ಹಾಕಿಸಿಕೊಂಡರೆ ಅಭಿಪ್ರಾಯ ಕೊಡಲು ಅಡ್ಡಿಯಿಲ್ಲ. ನಮ್ಮ ಉಗ್ರಾಣದಲ್ಲಿ ಹಳೆಯ ತಕ್ಕಡಿಯ ತೂಕಗಳಿದ್ದವು. ಭಾವ ಎರಡು ಕೈಚೀಲಗಳಲ್ಲಿ ಅವನ್ನು ಹೊತ್ತುಕೊಂಡು ಹೋಗುತ್ತಿದ್ದರು. ಮುದ್ರೆ ಹಾಕುವವರು ಸ್ಥಳ ಪರಿಶೀಲನೆಗೆ ಹೋಗಿರುತ್ತಿದ್ದರು. ಒಂದು ಕಚೇರಿಯ ಕಬ್ಬಿಣ ಇನ್ನೊಂದು ಕಚೇರಿಯಲ್ಲಿ ರಾತ್ರಿ ಉಳಿಯುವಂತಿಲ್ಲವಾದ್ದರಿಂದ ಸಂಜೆ ಹೊತ್ತುಕೊಂಡು ವಾಪಸು ಬರುತ್ತಿದ್ದರು. ಉಗ್ರಾಣ ಮೂರನೇ ಮಹಡಿಯಲ್ಲಿದೆ.

ಇಷ್ಟೆಲ್ಲ ಮುಗಿಸಿ ಭಾವ ಮನೆಗೆ ಹೋಗುವುದು ಮೊದಲಿಗಿಂತ ತಡವಾಯಿತು. ಬೂಟುಗಳು ಬಾಗಿಲ ಪಕ್ಕ ಧೂಳು ತಿನ್ನುತ್ತಿದ್ದವು. ಅಕ್ಕ ವಾರಕ್ಕೊಮ್ಮೆ ಅವನ್ನು ಒರೆಸಿಡುತ್ತಿದ್ದಳು, ಒರೆಸಿ ಮತ್ತೆ ಅದೇ ಜಾಗದಲ್ಲಿ ಜೋಡಿಸುತ್ತಿದ್ದಳು. ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ನೀನು ಅದೇ ಕಚೇರೀಲಿ ಇದ್ದೂ ಏನೋ ಮಾಡ್ದೆ?" ಎಂದು ಒಂದು ಸಲ ಕೇಳಿದಳು.

"ನಡಾವಳಿ ಬರೆದೆ ಅಕ್ಕ."

ವರ್ಷ ತುಂಬುವ ಹೊತ್ತಿಗೆ ಅವಳು ಭಾವನ ಪ್ಯಾಂಟುಗಳ ಸೊಂಟ ಮೂರು ಸಲ ಹಿಡಿದು ಹೊಲಿದಿದ್ದಳು. ವೈದ್ಯರ ಹತ್ತಿರ ಹೋದಾಗ ಅವರು ಕೊಳವೆ ಇಟ್ಟರು, ತೆಗೆದರು, ಮತ್ತೆ ಇಟ್ಟರು. "ಹುಡುಗನ ಎದೆ ಇದ್ದ ಹಾಗಿದೆಯಲ್ರೀ! ತೋಳು ನೋಡಿ. ಏನ್ಮಾಡಿದ್ರಿ?"

"ಅರ್ಜಿ ಹಾಕಿದೆ ಡಾಕ್ಟ್ರೇ."

"ಅದೇನೋ, ನಿಲ್ಲಿಸಬೇಡಿ. ನಿಲ್ಲಿಸಿದ್ರೆ ಮತ್ತೆ ಮೊದಲಿನ ಹಾಗೇ," ಎಂದು ವೈದ್ಯರು ಆರೋಗ್ಯದ ಪ್ರಮಾಣಪತ್ರ ಬರೆದುಕೊಟ್ಟರು. ಸಂತೋಷ ತಡೆಯಲಾರದೆ ಭಾವ ಅದನ್ನು ಕಡತಕ್ಕೆ ಲಗತ್ತಿಸಿದರು. ಅಲ್ಲೇ ಎಡವಿದ್ದು.

ಮರುದಿನವೇ ಆದೇಶ ಬಂತು. ನಮ್ಮ ಕಚೇರಿಯಲ್ಲಿ ಅಷ್ಟು ಬೇಗ ಬಂದ ಆದೇಶ ಅದೊಂದೇ. "ಅರ್ಜಿದಾರರು ಪೂರ್ಣ ಆರೋಗ್ಯವಂತರಾಗಿರುವುದರಿಂದ ವ್ಯಾಯಾಮದ ಅಗತ್ಯ ಕಂಡುಬರುವುದಿಲ್ಲ. ಅರ್ಜಿ ತಿರಸ್ಕರಿಸಿದೆ. ಅರ್ಜಿದಾರರು ಕೂಡಲೇ ಕುರ್ಚಿಗೆ ಮರಳತಕ್ಕದ್ದು." ಅದರ ಬೆನ್ನಿಗೇ ನೋಟಿಸು: "ತಾವು ಮಂಜೂರಾಗದ ವ್ಯಾಯಾಮವನ್ನು ಎರಡೂ ಬಗೆಯಲ್ಲಿ ಮಾಡಿ, ಕಚೇರಿಯ ಗಮನಕ್ಕೆ ತಾರದೆ ಸಣ್ಣಗಾಗಿರುತ್ತೀರಿ. ಇಳಿದ ತೂಕವನ್ನು ತಮ್ಮಿಂದ ಏಕೆ ವಸೂಲು ಮಾಡಬಾರದು?"

ಭಾವ ಕುರ್ಚಿಗೆ ಮರಳಿದರು. ಮೆತ್ತೆಯ ಗುರುತು ಈಗ ಅವರಿಗೆ ದೊಡ್ಡದಾಗಿತ್ತು, ಅದರಲ್ಲಿ ಆಚೆ ಈಚೆ ಜಾರುತ್ತಿದ್ದರು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಗುರುತು ತುಂಬತೊಡಗಿತು. ಒಂದು ಬೆಳಿಗ್ಗೆ ಚಪ್ಪಲಿಗೆ ಬಗ್ಗಿದವರು ಬಾಗಿಲ ಚೌಕಟ್ಟು ಹಿಡಿದು ಎದ್ದರು. ಅಕ್ಕ ನೋಡಿದಳು. ಒಲೆ ಆರಿಸಿ, ನೇರ ನಮ್ಮ ಕಚೇರಿಗೆ ಬಂದು, ಚೀಟಿ ಕಳಿಸದೆ ಸಾಹೇಬರ ಕೊಠಡಿಗೆ ನುಗ್ಗಿದಳು. ತಡೆಯಲು ಹೋದ ನಾನೂ ಒಳಗೆ ಸಿಕ್ಕಿಕೊಂಡೆ.

"ಇವರು ಕೂತ್ರೆ ಸತ್ತೋಗ್ತಾರೆ ಸಾರ್," ಎಂದಳು. "ನಿಮ್ಮ ಓಟಾನೂ ಬೇಡ, ಭಾರಾನೂ ಬೇಡ. ಸುಮ್ನೆ ನಡೆಯೋಕೆ ಬಿಡಿ."

ಸಾಹೇಬರು ಕೆಟ್ಟವರಲ್ಲ. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಕಡ್ಡಿ ಮೇಡಂ ಮತ್ತು ಹಂಡೆ ಸಾಹೇಬರನ್ನೂ ಕರೆಸಿದರು. ಕೊನೆಗೆ ಕನ್ನಡಕ ತೆಗೆದು ಹೇಳಿದರು: "ನಡೆಯೋಕೆ ನಿಯಮ ಇಲ್ಲಮ್ಮ. ಅಲೆಯೋಕೆ ಇದೆ."

ಹೇಳಿ ಪುಸ್ತಕ ಮುಚ್ಚಿದರು. ಆಮೇಲೆ ಕಡ್ಡಿ ಮೇಡಂ, ಮೆಟ್ಟಿಲು ಹತ್ತಿದ್ದು ಕಾರ್ಡಿಯೋ ಆಗಿದ್ದರಿಂದ ಗೆದ್ದದ್ದು ತಮ್ಮ ಪಕ್ಷ ಎಂದರು. ಚೀಲ ಹೊತ್ತದ್ದರಿಂದ ತಮ್ಮ ಪಕ್ಷ ಎಂದು ಹಂಡೆ ಸಾಹೇಬರು ಹೇಳಿದರು. ಇಬ್ಬರೂ ಬಹಳ ದಿನಗಳ ಮೇಲೆ ಒಟ್ಟಿಗೆ ಚಹಾ ಕುಡಿದರು. ಅವತ್ತು ಸಂಜೆ ಸೂಚನಾ ಫಲಕದಲ್ಲಿ ಈ ಪ್ರಕಟಣೆ ಕಾಣಿಸಿಕೊಂಡಿತು:

"ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಅರ್ಜಿ ಸಲ್ಲಿಸುವುದು, ಸಲ್ಲಿಸಿದ ಅರ್ಜಿಯ ಹಿಂದೆ ಅಲೆಯುವುದು ಹಾಗೂ ಅಲೆಯುವಾಗ ಲಗತ್ತುಗಳನ್ನು ಹೊರುವುದು, ಇವನ್ನು ಇನ್ನು ಮುಂದೆ ಆರೋಗ್ಯ ಸೇವೆ ಎಂದು ಪರಿಗಣಿಸತಕ್ಕದ್ದು. ಸಾರ್ವಜನಿಕರೂ ಇದರ ಪ್ರಯೋಜನ ಪಡೆಯಬಹುದು. ಒಂದೇ ಭೇಟಿಯಲ್ಲಿ ಕೆಲಸ ಮುಗಿಸಿಕೊಡುವ ಸಿಬ್ಬಂದಿಯು ಜನರ ಆರೋಗ್ಯಕ್ಕೆ ಧಕ್ಕೆ ತಂದವರೆಂದು ತಿಳಿದು ಕ್ರಮ ಕೈಗೊಳ್ಳಲಾಗುವುದು."

ಲಿಫ್ಟ್ ರಿಪೇರಿಗೆಂದು ಅದೇ ವಾರ ಬಂದಿದ್ದವನನ್ನು ಮೆಟ್ಟಿಲಿಂದಲೇ ವಾಪಸು ಕಳಿಸಲಾಯಿತು.

ಮರುದಿನ ಸಂಜೆ, ಬಿಸಿಲು ಇನ್ನೂ ಇರುವಾಗಲೇ, ಅಕ್ಕ ಬಟ್ಟೆಯ ಬೂಟು ಹಾಕಿಕೊಂಡು ಬಂದಳು. ಕೈಚೀಲದಲ್ಲಿ ಭಾವನ ಬೂಟಿತ್ತು. ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಮುಂದೆ ನಿಂತು ಒಂದು ಕಾಗದ ಒಳಗೆ ಸರಿಸಿದಳು. ಗುಮಾಸ್ತೆ ಗಟ್ಟಿಯಾಗಿ ಓದಿದಳು: "ಗಂಡನ ಜೊತೆ ಸಂಜೆ ನಡೆಯಲು ಅನುಮತಿ ಕೋರಿ." ಓದಿ ತಲೆಯೆತ್ತಿದಳು. "ಯಾವ ಬಗೆ ಅಂತ ಬರೆದಿಲ್ಲ. ಓಟಾನೋ, ಭಾರಾನೋ?"

ದಾಖಲೆ ಕೊಠಡಿಯಿಂದ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದ ಭಾವನ ಕಡೆ ಅಕ್ಕ ಒಂದು ಸಲ ನೋಡಿದಳು. "ಇವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೀನಿ, ಭಾರ ಆಯ್ತು. ಓಟ ಅಂತ ಬರ್ಕೊಳ್ಳಮ್ಮ."

ಅರ್ಜಿ ಇಬ್ಬರಿಗೆ ಸಂಬಂಧಿಸಿದ್ದಾದ್ದರಿಂದ ಇಬ್ಬರೂ ಖುದ್ದು ಹಾಜರಿರಬೇಕಾಯಿತು. ಭಾವನ ಬೀಗದಕೈ ಆ ಹೊತ್ತಿಗೆ ನನ್ನ ಹತ್ತಿರ ಇರುತ್ತದೆ. ಈಗ ದಿನಾ ಸಂಜೆ ಅವರು ಐದನೇ ಮಹಡಿಗೆ ಹತ್ತುತ್ತಾರೆ, ಇಳಿಯುತ್ತಾರೆ, ರಸ್ತೆ ದಾಟುತ್ತಾರೆ, ವಾಪಸು ಬಂದು ಮತ್ತೆ ಹತ್ತುತ್ತಾರೆ. ಐದನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಪಶ್ಚಿಮಕ್ಕೆ ಒಂದು ಕಿಟಕಿಯಿದೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರಂತೆ. ಅಕ್ಕ ನಗುವುದು ಕೆಳಗೆ ಟಪಾಲು ಶಾಖೆಯವರೆಗೆ ಕೇಳಿಸುತ್ತದೆ. ವೈದ್ಯರು ತಮ್ಮ ಬೇರೆ ರೋಗಿಗಳನ್ನೂ ನಮ್ಮಲ್ಲಿಗೆ ಕಳಿಸುತ್ತಿದ್ದಾರೆ. ಮೆಟ್ಟಿಲ ಮೇಲೆ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಏನು ಬೇಕೆಂದು ಅರ್ಜಿಯಲ್ಲಿ ಬರೆಯುವ ಗೋಜಿಗೆ ಈಗ ಯಾರೂ ಹೋಗುವುದಿಲ್ಲ, ನಾವೂ ಕೇಳುವುದಿಲ್ಲ.

ಕಳೆದ ವಾರ ಅಕ್ಕನ ಕಡತ ಅದು ಹೇಗೋ ಎಲ್ಲ ಸಹಿ ಮೊಹರುಗಳೊಂದಿಗೆ ಮಂಜೂರಾಗಿ ನನ್ನ ಮೇಜಿಗೆ ಬಂತು. ನಾನು ಅದನ್ನು ಅರ್ಜಿದಾರರಿಗೆ ರವಾನಿಸಿದರೆ ಪ್ರಕರಣ ಮುಕ್ತಾಯ. ಮಂಜೂರಾತಿಯ ಅವಧಿ ಒಂದು ತಿಂಗಳು, ಆಮೇಲೆ ಭಾವ ಕುರ್ಚಿಗೆ. ಸಂಜೆ ಬೀಗದಕೈ ಕೊಡಲು ಬಂದ ಅವರಿಬ್ಬರಿಗೂ ವಿಷಯ ತಿಳಿಸಿದೆ. ಭಾವ ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳುತ್ತಿದ್ದರು. ಬಗ್ಗಿ, ದಾರ ಕಟ್ಟಿ, ಸಲೀಸಾಗಿ ಎದ್ದರು. ಅಕ್ಕ ನನ್ನ ಮೇಜಿನ ಮೇಲೆ ಎರಡೂ ಕೈ ಊರಿದಳು.

"ನೀನು ಅವಸರ ಮಾಡೋನಲ್ಲ ಅಂತ ಹೆಸರಿದೆ ಅಲ್ವೇನೋ?"

"ಇದೆ ಅಕ್ಕ."

"ಅದನ್ನ ಉಳಿಸ್ಕೋ."

ಕಡತವನ್ನು ಕೆಳಗಿನ ಖಾನೆಯಲ್ಲಿಟ್ಟು ಅದರ ಮೇಲೆ ಇನ್ನೂ ಹಲವು ಕಡತಗಳನ್ನು ಇಟ್ಟಿದ್ದೇನೆ. ಸದ್ಯಕ್ಕೆ ಅದು ಪರಿಶೀಲನೆಯಲ್ಲಿದೆ.