ವೈಫೈ ಹಂಚಿಕೊಳ್ಳಲು ನಾನು ಕೋರಿದ ಪರವಾನಗಿ

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವಳು ನಾನೊಬ್ಬಳೇ. ಕಮಠಾಣದ ತವರಿನಲ್ಲಿ ಪಿಯುಸಿಗೆ ಓದು ನಿಂತಿತ್ತು. ಭಾಲ್ಕಿಗೆ ಸೊಸೆಯಾಗಿ ಬಂದು, ಇಬ್ಬರು ಮಕ್ಕಳನ್ನು ಶಾಲೆಗೆ ಹಚ್ಚಿದ ಮೇಲೆ ಮನೆಯಲ್ಲೇ ಓದಿ ಪರೀಕ್ಷೆ ಕಟ್ಟಿದೆ. ಇಂಗ್ಲಿಷ್ ಮೂರನೇ ಸಲಕ್ಕೆ ಒಲಿಯಿತು. ಅಂದಿನಿಂದ ಓಣಿಯಲ್ಲಿ ಯಾರ ಅರ್ಜಿಯಿದ್ದರೂ ನಾನೇ ಬರೆಯುತ್ತೇನೆ. "ಮಾನ್ಯರೇ" ಎಂದು ಶುರುಮಾಡಿ "ತಮ್ಮ ವಿಧೇಯ" ಎಂದು ಮುಗಿಸಿದರೆ ಆಗದ ಕೆಲಸವಿಲ್ಲವೆಂದು ದೃಢವಾಗಿ ನಂಬಿದ್ದೆ.

ಹೋದ ವರ್ಷ ಮನೆಗೆ ಇಂಟರ್ನೆಟ್ ಹಾಕಿಸಿದೆವು. ತಂತಿ ಎಳೆದವರು ನಿಯಮಗಳ ಇಂಗ್ಲಿಷ್ ಹಾಳೆಗಳನ್ನು ಮುಂದಿಟ್ಟು ಸಹಿ ಕೇಳಿದರು. ಉಳಿದ ಮನೆಗಳಲ್ಲಿ ನಿಂತಲ್ಲೇ ಸಹಿ ಹಾಕಿದ್ದರಂತೆ. ನಾನು ಕನ್ನಡಕ ಹಾಕಿಕೊಂಡು ಕುಳಿತೆ. ಅವರಿಗೆ ಎರಡು ಸಲ ಚಹಾ ಆಯಿತು. ಯಾರನ್ನೂ ಬೈದು ಬರೆಯಬಾರದು, ಕದ್ದ ಸಿನಿಮಾ ಇಳಿಸಿಕೊಳ್ಳಬಾರದು, ಪತ್ರದ ಮೇಲೆ ಪತ್ರ ಕಳಿಸಿ ಪೀಡಿಸಬಾರದು. ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಯ ಹಾಳೆಯಲ್ಲಿ, ಮನೆಯವರಲ್ಲದವರೊಂದಿಗೆ ಸಂಪರ್ಕ ಹಂಚಿಕೊಳ್ಳಬಾರದು ಎಂದಿತ್ತು.

ವಾರದೊಳಗೆ ಪಕ್ಕದ ಮನೆಯ ಪಲ್ಲವಿ ಪಾಸ್‌ವರ್ಡ್ ಕೇಳಿದಳು. ಹೆಪ್ಪಿಗೆ ಮೊಸರು ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮ ಓಣಿಯಲ್ಲಿಲ್ಲ. ಕೊಟ್ಟೆ. ಆದರೆ ನಿಯಮ ಓದಿದ್ದೆನಲ್ಲ, ಎದೆಯೊಳಗೆ ಚುಚ್ಚುತ್ತಲೇ ಇತ್ತು.

ಎರಡು ತಿಂಗಳ ಮೇಲೆ ಪಲ್ಲವಿಗೆ ಬೀದರಿನ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗದಿಂದ ಕರೆ ಬಂತು. ಆ ಅರ್ಜಿಯೊಂದನ್ನು ಮಾತ್ರ ಅವಳೇ ನೆಟ್‌ನಲ್ಲಿ ತುಂಬಿದ್ದಳು. ಗುರುವಾರ ಹನ್ನೊಂದಕ್ಕೆ ವಿಡಿಯೋದಲ್ಲೇ ಸಂದರ್ಶನ. ಅವರ ಮನೆಯಲ್ಲಿ ಕಾಲೇಜು ಮುಗಿಸಿದ ಮೊದಲ ಹುಡುಗಿ ಅವಳು. ನೌಕರಿ ಸಿಗದಿದ್ದರೆ ಮದುವೆಯೆಂದು ಅವಳಪ್ಪ ಔರಾದಿನ ಗಂಡಿನ ಕಡೆಯವರಿಗೆ ಮಾತು ಕೊಟ್ಟಿದ್ದರು.

ಇಷ್ಟು ದೊಡ್ಡ ಕೆಲಸ ನಿಯಮ ಮುರಿದು ಆಗಬಾರದೆಂದು ನಾನು ಇಂಟರ್ನೆಟ್ ಕಂಪನಿಗೆ ಇಮೇಲಿನಲ್ಲಿ ಅರ್ಜಿ ಬರೆದೆ. ಅದರ ಸಾರಾಂಶ ಇಷ್ಟು: "ಮಾನ್ಯರೇ, ತಮ್ಮ ನಿಯಮವನ್ನು ನಾನು ಎರಡು ತಿಂಗಳಿಂದ ಮುರಿಯುತ್ತಿದ್ದು, ಬರುವ ಗುರುವಾರ ಹನ್ನೊಂದು ಗಂಟೆಗೆ ಮತ್ತೊಮ್ಮೆ ಮುರಿಯಲು ಪರವಾನಗಿ ದಯಪಾಲಿಸಬೇಕಾಗಿ ವಿನಂತಿ."

ಗುರುವಾರ ಹತ್ತೂವರೆಗೆ ಉತ್ತರ ಬಂತು. ತಪ್ಪೊಪ್ಪಿಕೊಂಡದ್ದಕ್ಕೆ ಧನ್ಯವಾದ, ಸಂಪರ್ಕ ಕಡಿತಗೊಳಿಸಲಾಗಿದೆ.

ಗೋಡೆಯಾಚೆಯಿಂದ ಪಲ್ಲವಿ ಕೂಗಿದಳು. "ಕಾಕು, ನೆಟ್ ಹೋಗ್ಯಾದ್ರಿ. ಜರಾ ಡಬ್ಬಿ ಬಂದ್ ಮಾಡಿ ಚಾಲೂ ಮಾಡ್ರಿ."

"ಡಬ್ಬಿದೇನ್ ತಪ್ಪಿಲ್ಲವ್ವ," ಎಂದೆ. "ತಪ್ಪು ನಂದದ."

ನಮ್ಮ ಮನೆಯವರು ಅಂಗಿಯ ಗುಂಡಿ ಹಾಕುತ್ತಿದ್ದರು. "ಏನ್ ಮಾಡಿದಿ?"

"ಪರವಾನಗಿ ಕೇಳಿದ್ನಿರಿ. ಕಂಪನಿಗಿ."

ಗುಂಡಿ ಅರ್ಧಕ್ಕೇ ನಿಂತಿತು. "ಇಡೀ ಓಣಿ ಒಬ್ಬರ ನೆಟ್‌ನ್ಯಾಗ ಒಬ್ಬರು ಸುಮ್ಮಕ ನೋಡ್ಲಿಕತ್ತದ. ಯಾರರೆ ಕೇಳ್ಯಾರೇನು?"

"ಅವರ್ಯಾರೂ ನಿಯಮ ಓದಿಲ್ಲರಿ."

"ಪುಣ್ಯವಂತ್ರು," ಎಂದರು.

ಮೊಬೈಲಿನ ಸಿಗ್ನಲ್ ನಮ್ಮಲ್ಲಿ ಮಾಳಿಗೆಯ ಮೇಲಷ್ಟೇ ಸಿಗುತ್ತದೆ. ನನ್ನ ಫೋನು ಕೊಟ್ಟು ಪಲ್ಲವಿಯನ್ನು ಅಲ್ಲಿ ಕೂಡಿಸಿ, ಬಿಸಿಲು ಬೀಳದಂತೆ ಚಾದರ ಹಿಡಿದು ನಿಂತೆ. ಅರ್ಧ ಸಂದರ್ಶನ ಚೆನ್ನಾಗಿ ನಡೆಯಿತು. ಆಮೇಲೆ ಆ ಕಡೆಯಿಂದ ಒಬ್ಬರು, ಹಿಂದೆ ಅಲುಗಾಡುತ್ತಿರುವುದೇನೆಂದು ಕೇಳಿದರು. ಹುಡುಗಿ ನಡೆದದ್ದನ್ನು ನಡೆದಂತೆ ಹೇಳಿಬಿಟ್ಟಳು. ಸೂಕ್ತ ವಿವರಣೆ ನೀಡುವುದು ನನ್ನ ಕರ್ತವ್ಯವೆನಿಸಿ, ಬಗ್ಗಿ ಫೋನಿಗೆ ಮುಖ ತೋರಿಸಿ "ಮಾನ್ಯರೇ" ಎಂದೆ. ಚಾದರ ಪಲ್ಲವಿಯ ತಲೆಯ ಮೇಲೆ ಬಿತ್ತು.

ಮುಗಿದ ಮೇಲೆ ಅವಳು ಫೋನು ನನ್ನ ಕೈಗಿಟ್ಟು ಮೆಟ್ಟಿಲಿಳಿದಳು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಅಳಲಿಲ್ಲ. ಅವಳ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ನಾಲ್ಕು ದಿನ ನಾನು ಆ ಕಡೆ ಮುಖ ಮಾಡಲಿಲ್ಲ.

ಐದನೆಯ ದಿನ ಪಲ್ಲವಿಯೇ ಪೇಡೆಯ ಡಬ್ಬಿ ಹಿಡಿದು ಬಂದಳು. "ಆಯ್ತರಿ ಕಾಕು. ಸೋಮವಾರದಿಂದ ಬಾ ಅಂದಾರ. ಅದನ್ನ ಹೇಳ್ಲಿಕ್ಕ ಫೋನ್ ಮಾಡಿದಾಗ ನಿಮ್ಮ ಬಗ್ಗೇನೇ ಕೇಳಿದ್ರು."

ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತೆ. "ಏನಂತ?"

"ಅವರೂ ಈ ಕೆಲಸಕ್ಕ ಅರ್ಜಿ ಹಾಕ್ಯಾರೇನು ಅಂದ್ರು. ಇಲ್ರಿ ಅಂದೆ. ಫೋನಿನ್ಯಾಗೇ ಉಸಿರು ಬಿಟ್ರು ನೋಡ್ರಿ."

ನಮ್ಮ ಮನೆಯವರು ಎರಡನೇ ಪೇಡೆ ತೆಗೆದುಕೊಂಡರು. ಇಷ್ಟು ವರ್ಷ ಓಣಿಯವರಿಗಾಗಿ ಎಷ್ಟೋ ಅರ್ಜಿ ಬರೆದಿದ್ದೇನೆ. ಒಬ್ಬರಿಗೆ ನೌಕರಿ ಸಿಕ್ಕಿದ್ದು ಮಾತ್ರ ನಾನು ಬರೆಯದ ಅರ್ಜಿಯಿಂದ.